ಗ್ರಾಫಿಕ್ಸ್ ಕಾರ್ಡ್ ಲ್ಯಾಗ್ ಹೊಡೆದರೆ ಮೊದಲು ಮದರ್‌ಬೋರ್ಡ್ ನೋಡಿ

ಹಾಸನ, ಚಿಕ್ಕಮಗಳೂರು ಕಡೆ ಗ್ರಾಫಿಕ್ಸ್ ಕಾರ್ಡ್ ಈಗ ಗೇಮ್ ಆಡುವ ಹುಡುಗರ ವಸ್ತುವಾಗಿ ಮಾತ್ರ ಉಳಿದಿಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋಗಳಿಗೆ, ಆಲ್ಬಮ್ ಡಿಸೈನ್ ಮಾಡುವವರಿಗೆ, ಎಂಜಿನಿಯರಿಂಗ್ ಕಾಲೇಜಿನ ಕ್ಯಾಡ್ ಪ್ರಾಜೆಕ್ಟ್‌ಗಳಿಗೆ ಅದು ಬೇಕೇ ಬೇಕು. ಕಾರ್ಡ್ ಹೆಚ್ಚಾಗಿ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಬರುತ್ತದೆ, ಇಲ್ಲವೇ ಆನ್‌ಲೈನ್‌ನಲ್ಲಿ. ಹಾಕಿದ ಮೇಲೆ ಅಂದುಕೊಂಡಷ್ಟು ವೇಗ ಬರದಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಕಾರ್ಡೇ ಸರಿಯಿಲ್ಲ’. ವಾಪಸ್ ಕಳಿಸುವ ಮುನ್ನ ಒಂದು ಗಂಟೆ ಮದರ್‌ಬೋರ್ಡಿಗೆ ಕೊಡಿ. ಕಾರ್ಡ್ ಯಾವ ಸ್ಲಾಟಿನಲ್ಲಿದೆ, ಎಷ್ಟು ಲೇನ್ (ಡೇಟಾ ಓಡಾಡುವ ದಾರಿ) ಸಿಕ್ಕಿದೆ, ರ‍್ಯಾಮ್ ಯಾವ ವೇಗದಲ್ಲಿ ಓಡುತ್ತಿದೆ, ಪ್ರೊಸೆಸರ್‌ಗೆ ಬಯಾಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಎಷ್ಟು ವ್ಯಾಟ್ ಬಿಟ್ಟುಕೊಟ್ಟಿದೆ ಎಂಬ ನಾಲ್ಕು ವಿಷಯಗಳಲ್ಲಿ ಯಾವುದು ಕೆಟ್ಟರೂ ಒಳ್ಳೆಯ ಕಾರ್ಡ್ ಅರ್ಧ ಶಕ್ತಿಯಲ್ಲಿ ಕೂರುತ್ತದೆ.

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಹೋಗಿದೆಯೇ ಎಂದು ಒಮ್ಮೆ ಕ್ಯಾಬಿನೆಟ್ ಹಿಂದೆ ಬಗ್ಗಿ ನೋಡಿಕೊಳ್ಳಿ. ಮದರ್‌ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿದ್ದರೆ ಉಳಿದ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಮೊದಲು ಅಳತೆ, ಆಮೇಲೆ ಬಯಾಸ್

ಕಣ್ಣು ಮುಚ್ಚಿಕೊಂಡು ಬಯಾಸ್‌ಗೆ ಹೋಗಿ ಸಿಕ್ಕಿದ್ದನ್ನೆಲ್ಲ ‘ಎನೇಬಲ್’ ಮಾಡುವುದರಿಂದ ಹೊಸ ತೊಂದರೆ ಹುಟ್ಟುತ್ತದೆ. ಮೊದಲು ಗೇಮ್ ಅಥವಾ ರೆಂಡರ್ ಓಡುತ್ತಿರುವಾಗಲೇ ಎಂಎಸ್‌ಐ ಆಫ್ಟರ್‌ಬರ್ನರ್ ಅಥವಾ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಎರಡು ಅಂಕಿ ನೋಡಿ: ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ ಶೇಕಡಾ ಎಷ್ಟು, ಅದರ ಕ್ಲಾಕ್ (ಓಡುವ ವೇಗ) ಎಷ್ಟು ಮೆಗಾಹರ್ಟ್ಸ್.

ಬಳಕೆ ಶೇ. 97–99ರಲ್ಲಿದ್ದು ಕ್ಲಾಕ್ ಕೂಡ ಕಂಪನಿ ಹೇಳಿದ ಬೂಸ್ಟ್ ಮಟ್ಟದಲ್ಲಿದ್ದರೆ ಕಾರ್ಡ್ ತನ್ನ ಕೈಲಾದಷ್ಟೂ ದುಡಿಯುತ್ತಿದೆ. ಅಲ್ಲಿ ಬಯಾಸ್‌ನಿಂದ ಸಿಗುವುದು ಅಲ್ಪಸ್ವಲ್ಪ. ಗೇಮಿನ ಸೆಟ್ಟಿಂಗ್ ಇಳಿಸಬೇಕು. ಬಳಕೆ 99 ಇದ್ದೂ ಕ್ಲಾಕ್ ಬಿದ್ದುಹೋಗಿದ್ದರೆ ಅದು ಬಿಸಿ ಅಥವಾ ಪವರ್‌ನ ತೊಂದರೆ. ಎನ್‌ವಿಡಿಯಾ ಕಾರ್ಡ್ ಆದರೆ ಜಿಪಿಯು-ಝಡ್ ತಂತ್ರಾಂಶದ ಸೆನ್ಸರ್ ಪುಟದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲು ಕಾರಣವನ್ನೇ ಬರೆದು ತೋರಿಸುತ್ತದೆ: ‘ಥರ್ಮ್’ ಎಂದರೆ ಶಾಖ, ‘ಪವರ್’ ಎಂದರೆ ವ್ಯಾಟ್ ಮಿತಿ. ಧೂಳು, ಒಣಗಿದ ಥರ್ಮಲ್ ಪೇಸ್ಟ್, ಒಂದೇ ಕೇಬಲ್ಲಿನಿಂದ ಎರಡು ಪ್ಲಗ್ ಎಳೆದಿರುವುದು, ಇವನ್ನು ಅಲ್ಲಿ ಹುಡುಕಬೇಕು.

ಮೂರನೆಯದು ನಮ್ಮ ವಿಷಯ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಕಡಿಮೆ, ಆದರೆ ಜಿಪಿಯು ಬಳಕೆ ಶೇ. 40, 60, 70 ಎಂದು ಏರಿಳಿಯುತ್ತಿದೆ. ಅಂದರೆ ಕಾರ್ಡ್ ಕೆಲಸಕ್ಕಾಗಿ ಕಾಯುತ್ತಾ ಕೂತಿದೆ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಅಥವಾ ಎಫ್‌ಪಿಎಸ್ ಮಿತಿ ಹಾಕಿದ್ದರೂ ಹೀಗೇ ಕಾಣುತ್ತದೆ, ಆದ್ದರಿಂದ ಅವನ್ನು ತೆಗೆದು ಮತ್ತೆ ಅಳೆಯಿರಿ. ವ್ಯಾಲರಂಟ್‌ನಂಥ ಹಗುರ ಗೇಮ್‌ಗಳಲ್ಲಿ 1080ಪಿಯಲ್ಲಿ 200 ಎಫ್‌ಪಿಎಸ್ ದಾಟಿದ ಮೇಲೆ ಜಿಪಿಯು ಬಳಕೆ ಕಡಿಮೆ ಇರುವುದು ಸಹಜ. ಅದನ್ನು ರೋಗ ಎಂದುಕೊಳ್ಳಬೇಡಿ.

ಸ್ಲಾಟ್ ಮತ್ತು ಲೇನ್

ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರ್ ಜೊತೆ ಮಾತಾಡುವುದು ಮದರ್‌ಬೋರ್ಡಿನ ಪಿಸಿಐಇ ಎಂಬ ಸಂಪರ್ಕದ ಲೇನ್‌ಗಳ ಮೂಲಕ. ಪಿಸಿಐಇ 2.0ದ ಒಂದು ಲೇನ್ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 500 ಎಂಬಿ ಸಾಗಿಸುತ್ತದೆ. 3.0ದಲ್ಲಿ ಅದು ಸುಮಾರು 985 ಎಂಬಿ, 4.0ದಲ್ಲಿ ಸುಮಾರು 1.97 ಜಿಬಿ, 5.0ದಲ್ಲಿ 3.9 ಜಿಬಿ. ಹದಿನಾರು ಲೇನ್ ಪೂರ್ತಿ ಸಿಕ್ಕರೆ 3.0ದಲ್ಲಿ ಸುಮಾರು 15.75 ಜಿಬಿ, 4.0ದಲ್ಲಿ 31.5 ಜಿಬಿ. ಎರಡು ಲೆಕ್ಕ ನೆನಪಿಡಿ: ಎಷ್ಟು ಲೇನ್, ಯಾವ ಪೀಳಿಗೆ (2.0, 3.0, 4.0). ಹಾಸನದವರೆಗೆ ನಾಲ್ಕು ಪಥದಲ್ಲಿ ಬಂದ ಲಾರಿ ಘಾಟಿ ರಸ್ತೆಯಲ್ಲಿ ಸಾಲಿನಲ್ಲಿ ನಿಂತರೆ ಅದು ಎಂಜಿನ್ನಿನ ದೋಷವಲ್ಲ, ಇಲ್ಲಿಯೂ ಹಾಗೇ.

ಜಿಪಿಯು-ಝಡ್ ತೆರೆದು ‘ಬಸ್ ಇಂಟರ್‌ಫೇಸ್’ ಸಾಲು ನೋಡಿ. ‘ಪಿಸಿಐಇ ಎಕ್ಸ್16 4.0 @ ಎಕ್ಸ್16 1.1’ ಎಂಬಂತೆ ಇರುತ್ತದೆ; ಎಕ್ಸ್16 ಎಂದರೆ ಹದಿನಾರು ಲೇನ್. @ ಗುರುತಿನ ಎಡಗಡೆ ಇರುವುದು ಕಾರ್ಡಿನ ಸಾಮರ್ಥ್ಯ, ಬಲಗಡೆ ಇರುವುದು ಈ ಕ್ಷಣ ಸಿಕ್ಕಿರುವುದು. ಇಲ್ಲಿ 1.1 ಕಂಡು ಗಾಬರಿಯಾಗುವವರು ಬಹಳ ಜನ. ಕೆಲಸ ಇಲ್ಲದಿರುವಾಗ ವಿದ್ಯುತ್ ಉಳಿಸಲು ಕಾರ್ಡೇ ಲಿಂಕಿನ ವೇಗ ಇಳಿಸಿಕೊಳ್ಳುತ್ತದೆ, ಅದು ಸರಿಯಾದ ನಡವಳಿಕೆ. ಅದೇ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ‘ರೆಂಡರ್ ಟೆಸ್ಟ್’ ಓಡಿಸಿದರೆ ಲಿಂಕ್ ಮೇಲೇರುತ್ತದೆ. ಆಗ ಬರುವ ಅಂಕಿಯನ್ನೇ ನಂಬಬೇಕು. ಪೀಳಿಗೆ ಏರಿಳಿಯಬಹುದು, ಲೇನ್ ಸಂಖ್ಯೆ ಮಾತ್ರ 16ರಿಂದ 8ಕ್ಕೋ 4ಕ್ಕೋ ಬಿದ್ದಿದ್ದರೆ ಕಾರಣ ಹುಡುಕಲೇಬೇಕು.

ಹುಡುಕುವ ಮೊದಲು ಕಾರ್ಡ್ ಹುಟ್ಟಿನಿಂದಲೇ ಎಷ್ಟು ಲೇನಿನದು ಎಂದು ತಿಳಿದಿರಬೇಕು. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಇಂಟೆಲ್ ಆರ್ಕ್ ಬಿ580 ಇವೆಲ್ಲ ಎಂಟು ಲೇನಿನ ಕಾರ್ಡ್‌ಗಳು. ಕನೆಕ್ಟರ್ ಉದ್ದವಾಗಿ ಕಂಡರೂ ಸಂಪರ್ಕ ಎಂಟಕ್ಕೇ ಇರುತ್ತದೆ. ಇಲ್ಲಿ ಎಕ್ಸ್8 ಕಂಡರೆ ಅದು ದೋಷವಲ್ಲ. ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡ್‌ಗಳಿಗೆ ನಾಲ್ಕೇ ಲೇನ್. ಇವನ್ನು ಹಳೆಯ ಆಫೀಸ್ ಕಂಪ್ಯೂಟರಿಗೆ ಹಾಕುವುದು ನಮ್ಮ ಕಡೆ ಸಾಮಾನ್ಯ, ಏಕೆಂದರೆ ಸೆಕೆಂಡ್ ಹ್ಯಾಂಡ್ ಕ್ಯಾಬಿನೆಟ್ ಅಗ್ಗಕ್ಕೆ ಸಿಗುತ್ತದೆ. ಆದರೆ ಎರಡನೇ ಪೀಳಿಗೆಯ ಇಂಟೆಲ್ ಐ5-2400 ಇರುವ ಯಂತ್ರದಲ್ಲಿ ಪಿಸಿಐಇ 2.0 ಮಾತ್ರ ಇದೆ. 6500 ಎಕ್ಸ್‌ಟಿಗೆ 4.0ದಲ್ಲಿ ಸಿಗಬೇಕಾಗಿದ್ದ ಸೆಕೆಂಡಿಗೆ 7.9 ಜಿಬಿ ಅಲ್ಲಿ 2 ಜಿಬಿಗೆ ಇಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಟೆಕ್ಸ್ಚರ್‌ಗಳು ರ‍್ಯಾಮ್‌ನಿಂದ ಅದೇ ಇಕ್ಕಟ್ಟಿನ ದಾರಿಯಲ್ಲಿ ಓಡಾಡಬೇಕು. ಗೇಮ್ ತಿರುವಿನಲ್ಲೆಲ್ಲ ತಡವರಿಸುತ್ತದೆ. ಬಯಾಸ್‌ನ ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿಹೋಗದು. ಟೆಕ್ಸ್ಚರ್ ಗುಣಮಟ್ಟವನ್ನು ‘ಮೀಡಿಯಂ’ ಅಥವಾ ‘ಲೋ’ಗೆ ಇಳಿಸಿ ಬಳಕೆ 4 ಜಿಬಿಯೊಳಗೆ ನಿಲ್ಲುವಂತೆ ಮಾಡಿಕೊಳ್ಳುವುದೊಂದೇ ದಾರಿ. ಇಂಥ ಯಂತ್ರಕ್ಕೆ ಹದಿನಾರು ಲೇನಿನ ಹಳೆಯ ಜಿಟಿಎಕ್ಸ್ 1650 ಹೆಚ್ಚು ಹೊಂದುತ್ತದೆ.

ಇನ್ನು ಸ್ಲಾಟ್. ಮದರ್‌ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಇದ್ದರೆ ಎರಡೂ ಒಂದೇ ಎಂದುಕೊಳ್ಳುವುದೇ ಅತಿ ದೊಡ್ಡ ಎಡವಟ್ಟು. ಪ್ರೊಸೆಸರ್‌ಗೆ ಹತ್ತಿರದ ಮೇಲಿನ ಸ್ಲಾಟ್ ನೇರ ಪ್ರೊಸೆಸರ್‌ಗೆ ಹೋಗುತ್ತದೆ. ಕೆಳಗಿನದು ಮಧ್ಯಮ ಬೆಲೆಯ ಬೋರ್ಡ್‌ಗಳಲ್ಲಿ ಚಿಪ್‌ಸೆಟ್ (ಮದರ್‌ಬೋರ್ಡಿನ ಸಹಾಯಕ ಚಿಪ್) ಮೂಲಕ ನಾಲ್ಕು ಲೇನಿನಲ್ಲಿ ಸುತ್ತಿಕೊಂಡು ಬರುತ್ತದೆ. ಟಾರ್ಚ್ ಹಿಡಿದು ಸ್ಲಾಟ್ ಒಳಗೆ ನೋಡಿ: ಮೊದಲ ಭಾಗದಲ್ಲಷ್ಟೇ ಲೋಹದ ಪಿನ್‌ಗಳಿದ್ದು ಉಳಿದದ್ದು ಖಾಲಿ ಪ್ಲಾಸ್ಟಿಕ್ ಆಗಿದ್ದರೆ ಅದು ನಾಲ್ಕು ಲೇನಿನ ಸ್ಲಾಟ್.

ಒಂದು ಲೆಕ್ಕ ಮಾಡಿ ನೋಡೋಣ. ಹಾಸನದ ಒಂದು ಸ್ಟುಡಿಯೋದಲ್ಲಿ ಬಿ450 ಬೋರ್ಡ್, ರೈಜೆನ್ 5 3400ಜಿ ಪ್ರೊಸೆಸರ್ ಇದೆ ಎಂದಿಟ್ಟುಕೊಳ್ಳಿ. ಎಡಿಟಿಂಗ್‌ಗೆಂದು ಆರ್‌ಟಿಎಕ್ಸ್ 3060 ತಂದು, ದೊಡ್ಡ ಕೂಲರ್ ಅಡ್ಡ ಬರುತ್ತದೆಂದು ಕೆಳಗಿನ ಸ್ಲಾಟಿಗೆ ಹಾಕಿದ್ದಾರೆ. ಬಿ450ಯ ಆ ಸ್ಲಾಟ್ ಪಿಸಿಐಇ 2.0, ನಾಲ್ಕು ಲೇನ್. ಸಿಗುವುದು 2 ಜಿಬಿ. ಅದೇ ಕಾರ್ಡನ್ನು ಮೇಲಿನ ಸ್ಲಾಟಿಗೆ ಬದಲಿಸಿದರೆ ‘ಎಕ್ಸ್8 3.0’ ಬರುತ್ತದೆ, ಅಂದರೆ ಸುಮಾರು 7.9 ಜಿಬಿ. ಹದಿನಾರು ಏಕಿಲ್ಲ? 2200ಜಿ, 2400ಜಿ, 3200ಜಿ, 3400ಜಿ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆ ಕೊಡುವುದೇ ಎಂಟು ಲೇನ್. ಬಯಾಸ್ ಅಪ್‌ಡೇಟ್ ಮಾಡಿ ರೈಜೆನ್ 5 5600 ಹಾಕಿದರೆ ಅದೇ ಬೋರ್ಡಿನಲ್ಲಿ ‘ಎಕ್ಸ್16 3.0’ ಪೂರ್ತಿ ಸಿಗುತ್ತದೆ. ಕೊನೆಯಲ್ಲಿ ‘ಜಿ’ ಇರುವ ರೈಜೆನ್ ಕೊಳ್ಳುವಾಗ ಈ ವಿಚಾರ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 5600ಜಿ ಹದಿನಾರು ಲೇನ್ ಕೊಡುತ್ತದೆ, ಆದರೆ ಪಿಸಿಐಇ 3.0ದಲ್ಲೇ ನಿಲ್ಲುತ್ತದೆ, ಬೋರ್ಡ್ ಬಿ550 ಆದರೂ. ಹೊಸ 8600ಜಿ, 8700ಜಿಯಲ್ಲಿ ಎಂಟು, 8500ಜಿಯಲ್ಲಿ ನಾಲ್ಕೇ.

ದುಬಾರಿ ಬೋರ್ಡ್‌ಗಳಲ್ಲಿ ಇನ್ನೊಂದು ಬಗೆ. ಕೆಲವು ಝಡ್790, ಎಕ್ಸ್870ಇ ಬೋರ್ಡ್‌ಗಳಲ್ಲಿ ಒಂದು ನಿರ್ದಿಷ್ಟ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಸ್ಲಾಟ್ ಹದಿನಾರರಿಂದ ಎಂಟಕ್ಕೆ ಇಳಿಯುತ್ತದೆ. ಮ್ಯಾನ್ಯುಯಲ್‌ನ ಸ್ಟೋರೇಜ್ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ಎಸ್‌ಎಸ್‌ಡಿಯನ್ನು ಬೇರೆ ಎಂ.2ಗೆ ಬದಲಿಸಿದರೆ ಮುಗಿಯಿತು.

ಮಲೆನಾಡಿನ ತೇವ, ಬಸ್ಸಿನ ಕುಲುಕಾಟ

ಸ್ಲಾಟ್ ಸರಿಯಿದೆ, ಪ್ರೊಸೆಸರ್ ಸರಿಯಿದೆ, ಆದರೂ ಎಕ್ಸ್8, ಎಕ್ಸ್4, ಕೆಲವೊಮ್ಮೆ ಎಕ್ಸ್1 ಬರುತ್ತಿದೆಯೇ? ಕಂಪ್ಯೂಟರ್ ಆನ್ ಆದಾಗ ಕಾರ್ಡ್ ಮತ್ತು ಪ್ರೊಸೆಸರ್ ಪ್ರತಿ ಲೇನನ್ನೂ ಪರೀಕ್ಷಿಸಿಕೊಳ್ಳುತ್ತವೆ. ನಡುವಿನ ಒಂದು ಲೇನಿನ ಸಂಪರ್ಕ ಸಡಿಲವಾಗಿದ್ದರೂ ಎರರ್ ಏನೂ ತೋರಿಸದೆ ಕಡಿಮೆ ಲೇನಿಗೆ ಒಪ್ಪಂದ ಮಾಡಿಕೊಂಡು ಮುಂದೆ ಹೋಗುತ್ತವೆ. ಚಿತ್ರ ಸರಿಯಾಗಿಯೇ ಬರುತ್ತದೆ, ವೇಗ ಮಾತ್ರ ಇರುವುದಿಲ್ಲ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಾರ್ಡಿನ ಅಂಚಿನ ಚಿನ್ನದ ಲೇಪನ ತುಕ್ಕು ಹಿಡಿಯುವುದಿಲ್ಲ, ಆದರೆ ಅದರ ಮೇಲೆ ಧೂಳು, ತೇವ, ಬೆರಳಿನ ಎಣ್ಣೆ ಸೇರಿ ಕಣ್ಣಿಗೆ ಕಾಣದ ಪದರ ಕೂರುತ್ತದೆ. ಅರಸೀಕೆರೆ, ಕಡೂರಿನ ಬಯಲಲ್ಲಿ ತೇವ ಕಡಿಮೆ, ಧೂಳು ಹೆಚ್ಚು, ಫಲಿತಾಂಶ ಒಂದೇ.

ಸ್ವಚ್ಛ ಮಾಡುವ ಕ್ರಮ ಹೀಗೆ. ಕಂಪ್ಯೂಟರ್ ಆಫ್ ಮಾಡಿ, ಪವರ್ ಸಪ್ಲೈ ಹಿಂದಿನ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕೀಳಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ. ಬ್ರ್ಯಾಕೆಟ್ ಸ್ಕ್ರೂ ಬಿಚ್ಚಿ, ಸ್ಲಾಟ್ ತುದಿಯ ಕ್ಲಿಪ್ ಒತ್ತಿ ಕಾರ್ಡನ್ನು ನೇರವಾಗಿ ಮೇಲೆತ್ತಿ. ಕ್ಲಿಪ್ ಒತ್ತದೆ ಎಳೆದರೆ ಕ್ಲಿಪ್ಪಷ್ಟೇ ಅಲ್ಲ, ಸ್ಲಾಟೇ ಕಿತ್ತುಬರಬಹುದು. ಶೇ. 99ರ ಐಸೋಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಗೆ ಸ್ವಲ್ಪ ಹಾಕಿ, ಚಿನ್ನದ ಪಟ್ಟಿಯ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಒರೆಸಿ. ಎರಡೂ ಬದಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಮತ್ತು ಜೆಲ್ ಇರುತ್ತದೆ. ಪೆನ್ಸಿಲ್ ರಬ್ಬರ್ ಉಜ್ಜುವ ಪದ್ಧತಿ ಅಂಗಡಿಗಳಲ್ಲಿ ಇದೆ. ಗಟ್ಟಿ ರಬ್ಬರ್ ಚಿನ್ನದ ಲೇಪನವನ್ನೇ ತೆಳ್ಳಗೆ ಮಾಡುತ್ತದೆ, ಅದರ ಪುಡಿ ಸ್ಲಾಟಿಗೆ ಬೀಳುತ್ತದೆ. ಸ್ಲಾಟಿನೊಳಗೆ ಬ್ಲೋವರ್ ಅಥವಾ ಒಣ ಮೃದು ಬ್ರಶ್ ಸಾಕು. ಹತ್ತು ನಿಮಿಷ ಒಣಗಲು ಬಿಟ್ಟು, ಎರಡೂ ತುದಿ ಸಮನಾಗಿ ಒತ್ತಿ, ಕ್ಲಿಪ್ ‘ಟಕ್’ ಎನ್ನುವವರೆಗೆ ಕೂರಿಸಿ. ಮೊದಲು ಬ್ರ್ಯಾಕೆಟ್ ಸ್ಕ್ರೂ ಬಿಗಿದು ಆಮೇಲೆ ಪವರ್ ಕೇಬಲ್ ಹಾಕಿ.

ಬೆಂಗಳೂರಿನಲ್ಲಿ ಜೋಡಿಸಿದ ಪಿಸಿಯನ್ನು ಬಸ್ಸಿನ ಡಿಕ್ಕಿಯಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ತೆಗೆದು ಅದರ ಪೆಟ್ಟಿಗೆಯಲ್ಲೇ ಬೇರೆಯಾಗಿ ತನ್ನಿ. ಒಂದು ಕಿಲೋ ಮೀರಿದ ಕಾರ್ಡ್ ಅಡ್ಡ ನೇತಾಡುತ್ತಾ ನೂರೆಂಬತ್ತು ಕಿಲೋಮೀಟರ್ ಕುಲುಕಿದರೆ ಸ್ಲಾಟಿನ ಹಿಂಭಾಗದ ಪಿನ್‌ಗಳು ಸಡಿಲವಾಗುತ್ತವೆ. ಮನೆಯಲ್ಲಿ ನಿಂತಲ್ಲೇ ಇರುವ ಯಂತ್ರಕ್ಕೂ ಭಾರದ ಕಾರ್ಡಿದ್ದರೆ ಕೆಳಗೊಂದು ಆಸರೆ ಕೊಡಿ. ಸ್ವಚ್ಛ ಮಾಡಿದ ಮೇಲೂ ಲೇನ್ ಕಡಿಮೆಯೇ ಬಂದರೆ ಪ್ರೊಸೆಸರ್ ಸಾಕೆಟ್ಟಿನ ಪಿನ್ ಬಾಗಿರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಒಂದು ಪಿನ್ ಬಾಗಿದರೂ ಕೆಲವು ಲೇನ್ ಅಥವಾ ರ‍್ಯಾಮ್‌ನ ಒಂದು ಚಾನೆಲ್ ಕಾಣೆಯಾಗುತ್ತದೆ.

ಬಯಾಸ್‌ನೊಳಗೆ ಲಿಂಕಿನ ವೇಗ

ಆನ್ ಆಗುತ್ತಿದ್ದಂತೆ ಡಿಲೀಟ್ ಕೀ ಒತ್ತುತ್ತಾ ಹೋದರೆ ಬಯಾಸ್ ತೆರೆಯುತ್ತದೆ, ಕೆಲವದರಲ್ಲಿ ಎಫ್2. ಏಸಸ್ ಮತ್ತು ಎಂಎಸ್‌ಐ ಬೋರ್ಡ್‌ಗಳಲ್ಲಿ ಎಫ್7 ಒತ್ತಿದರೆ ಅಡ್ವಾನ್ಸ್ಡ್ ಮೋಡ್ ಬರುತ್ತದೆ, ಗಿಗಾಬೈಟ್‌ನಲ್ಲಿ ಎಫ್2. ಏನನ್ನೂ ಮುಟ್ಟುವ ಮೊದಲು ಈಗಿರುವ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಫ್10 ಒತ್ತಿ ಸೇವ್, ವಿಂಡೋಸ್‌ಗೆ ಬಂದು ಮತ್ತೆ ಅದೇ ಗೇಮಿನ ಅದೇ ಜಾಗದಲ್ಲಿ ಅಳತೆ. ಇದು ಬೇಸರದ ಕೆಲಸ, ಆದರೆ ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದವರಿಗೆ ಯಾವುದು ಸರಿಮಾಡಿತು, ಯಾವುದು ಕೆಡಿಸಿತು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಪಿಸಿಐಇ ಸ್ಲಾಟಿನ ಲಿಂಕ್ ಸ್ಪೀಡ್ ಸಾಮಾನ್ಯವಾಗಿ ‘ಆಟೋ’ದಲ್ಲಿರುತ್ತದೆ, ಅಲ್ಲೇ ಇರಲಿ. ಯಾರೋ ಹಿಂದೆ ‘ಜೆನ್1’ ಅಥವಾ ‘ಜೆನ್2’ ಎಂದು ಕೂರಿಸಿದ್ದರೆ ಆಟೋಗೆ ತನ್ನಿ. ಕೈಯಾರೆ ಇಳಿಸಬೇಕಾದ ಸಂದರ್ಭ ಮುಖ್ಯವಾಗಿ ಒಂದು: ಕಾರ್ಡನ್ನು ನಿಲ್ಲಿಸಿ ತೋರಿಸಲು ರೈಸರ್ ಕೇಬಲ್ (ಸ್ಲಾಟಿನಿಂದ ಕಾರ್ಡಿಗೆ ಹೋಗುವ ವಿಸ್ತರಣೆ ಕೇಬಲ್) ಹಾಕಿರುವುದು. 3.0ಗೆಂದು ಮಾಡಿದ ರೈಸರ್ ಮೂಲಕ 4.0 ಕಾರ್ಡ್ ಆಟೋದಲ್ಲಿ 4.0 ವೇಗಕ್ಕೆ ಹೋಗಲು ನೋಡುತ್ತದೆ, ಸಿಗ್ನಲ್ ಹಾಳಾಗುತ್ತದೆ, ಪರದೆ ಕಪ್ಪಾಗುತ್ತದೆ ಇಲ್ಲವೇ ಗೇಮ್ ನಡುವೆ ನಡುವೆ ತಡವರಿಸುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆಯಿರಿ. ‘ವ್ಹಿಯಾ-ಲಾಗರ್’ ಹೆಸರಿನಲ್ಲಿ ಇವೆಂಟ್ ಐಡಿ 17 ಸಾಲುಗಟ್ಟಿ ಕಂಡರೆ ಪಿಸಿಐಇ ದಾರಿಯಲ್ಲಿ ತಪ್ಪುಗಳಾಗಿ ಮತ್ತೆ ಮತ್ತೆ ಕಳಿಸಬೇಕಾಗುತ್ತಿದೆ ಎಂದರ್ಥ. ಆಗ ಸ್ಲಾಟನ್ನು ‘ಜೆನ್3’ಗೆ ಇಳಿಸಿ. ಹದಿನಾರು ಲೇನಿನ ಕಾರ್ಡ್‌ಗೆ 4.0ದಿಂದ 3.0ಗೆ ಇಳಿದರೆ ಆಗುವ ನಷ್ಟ ಬಹುತೇಕ ಗೇಮ್‌ಗಳಲ್ಲಿ ಕೆಲವೇ ಶೇಕಡಾ. ತಪ್ಪುಗಳಿಂದ ತುಂಬಿದ 4.0ಗಿಂತ ಶುದ್ಧವಾದ 3.0 ಸಾವಿರ ಪಾಲು ಮೇಲು.

ಅದೇ ಪುಟದ ಸುತ್ತಮುತ್ತ ‘ಬೈಫರ್ಕೇಶನ್’ ಎಂಬ ಸೆಟ್ಟಿಂಗ್ ಇರುತ್ತದೆ. ಒಂದು ಸ್ಲಾಟಿನ ಹದಿನಾರು ಲೇನನ್ನು ಎರಡಾಗಿ, ನಾಲ್ಕಾಗಿ ಹಂಚಿ ಹಲವು ಎಸ್‌ಎಸ್‌ಡಿ ಹಾಕುವವರಿಗಾಗಿ ಅದು ಇರುವುದು. ಒಂದೇ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಇದು ‘ಆಟೋ’ ಅಥವಾ ‘ಎಕ್ಸ್16’ ಆಗಿರಬೇಕು. ‘ಎಕ್ಸ್4 ಎಕ್ಸ್4 ಎಕ್ಸ್4 ಎಕ್ಸ್4’ ಎಂದು ಕೂತಿದ್ದರೆ ಕಾರ್ಡಿಗೆ ನಾಲ್ಕೇ ಲೇನ್.

ರೀಸೈಜಬಲ್ ಬಾರ್

ಹಳೆಯ ಕ್ರಮದಲ್ಲಿ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು 256 ಎಂಬಿಯ ಕಿಂಡಿಯಿಂದ ನೋಡುತ್ತದೆ. 8 ಜಿಬಿ ಇದ್ದರೂ ಒಂದೊಂದೇ ತುಣುಕು. ರೀಸೈಜಬಲ್ ಬಾರ್ ಆನ್ ಆದರೆ ಇಡೀ ಮೆಮೊರಿ ಒಮ್ಮೆಗೇ ತೆರೆಯುತ್ತದೆ. ಎಎಂಡಿ ಇದನ್ನು ಸ್ಮಾರ್ಟ್ ಆಕ್ಸೆಸ್ ಮೆಮೊರಿ ಎನ್ನುತ್ತದೆ. ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 30 ಸರಣಿಯಿಂದ ಇದೆ. 3060 ಟಿಐ, 3070, 3080ರ ಮೊದಮೊದಲ ಕಾರ್ಡ್‌ಗಳಿಗೆ ಕಾರ್ಡಿನದೇ ಬಯಾಸ್ (ವಿಬಯಾಸ್) ಅಪ್‌ಡೇಟ್ ಬೇಕಾಗುತ್ತದೆ. ಎನ್‌ವಿಡಿಯಾ, ಎಎಂಡಿ ಕಾರ್ಡ್‌ಗಳಿಗೆ ಲಾಭ ಗೇಮಿನಿಂದ ಗೇಮಿಗೆ ಬದಲಾಗುತ್ತದೆ, ಕೆಲವದರಲ್ಲಿ ಏನೂ ಇಲ್ಲ. ಆದರೆ ಇಂಟೆಲ್ ಆರ್ಕ್ ಕಾರ್ಡ್ ಇದ್ದರೆ ಇದು ಕಡ್ಡಾಯ. ಇದಿಲ್ಲದೆ ಆರ್ಕ್ ತೀರಾ ಕುಗ್ಗಿಹೋಗುತ್ತದೆ. ಹಳೆಯ ಯಂತ್ರಕ್ಕೆ ಆರ್ಕ್ ಕೊಳ್ಳುವ ಮೊದಲು ಬೋರ್ಡ್ ಇದನ್ನು ಕೊಡುತ್ತದೆಯೇ ಎಂದು ನೋಡಲೇಬೇಕು. ಪ್ರೊಸೆಸರ್ ಇಂಟೆಲ್ 10ನೇ ಪೀಳಿಗೆ ಅಥವಾ ಅದರ ಮೇಲಿನದು, ಎಎಂಡಿಯಲ್ಲಿ ರೈಜೆನ್ 3000 ಅಥವಾ ಅದರ ಮೇಲಿನದು ಆಗಿರಬೇಕು. 3200ಜಿ, 3400ಜಿ ಈ ಪಟ್ಟಿಯಲ್ಲಿಲ್ಲ.

ಆನ್ ಮಾಡಲು ಬಯಾಸ್‌ನಲ್ಲಿ ‘ಅಬೋವ್ 4ಜಿ ಡಿಕೋಡಿಂಗ್’ ಮತ್ತು ‘ರೀ-ಸೈಜ್ ಬಾರ್ ಸಪೋರ್ಟ್’ ಎರಡೂ ಎನೇಬಲ್ ಆಗಬೇಕು, ‘ಸಿಎಸ್‌ಎಂ’ (ಹಳೆಯ ಬೂಟ್ ಪದ್ಧತಿಗೆ ಹೊಂದಿಸುವ ಆಯ್ಕೆ) ಡಿಸೇಬಲ್ ಆಗಬೇಕು. ಜನ ಸಿಕ್ಕಿಬೀಳುವುದು ಈ ಮೂರನೆಯದರಲ್ಲಿ. ಸಿಎಸ್‌ಎಂ ತೆಗೆದ ಕೂಡಲೇ ವಿಂಡೋಸ್ ಬೂಟ್ ಆಗದೆ ನೇರ ಬಯಾಸ್‌ಗೇ ವಾಪಸ್ ಬರುತ್ತದೆ, ಡಿಸ್ಕ್ ಹೋಯಿತೆಂದು ಹೆದರುತ್ತಾರೆ. ವಿಂಡೋಸನ್ನು ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ಹಾಕಿರುವುದೇ ಕಾರಣ. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಎಲ್ಲವೂ ಮೊದಲಿನಂತೆ ಇರುತ್ತದೆ. ಮುಂಚಿತವಾಗಿ ತಿಳಿಯಲು ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ‘ಬಯಾಸ್ ಮೋಡ್’ ನೋಡಿ. ‘ಲೆಗಸಿ’ ಎಂದಿದ್ದರೆ ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸಬೇಕು. ವಿಂಡೋಸ್ 10ರಲ್ಲಿ 1703ನೇ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಉಪಕರಣ ಜೊತೆಗೇ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದನ್ನು ಮೊದಲು ‘ವ್ಯಾಲಿಡೇಟ್’ ಸ್ವಿಚ್ ಜೊತೆ ಓಡಿಸಿ, ಯಶಸ್ವಿ ಎಂದು ಬಂದ ಮೇಲಷ್ಟೇ ‘ಕನ್ವರ್ಟ್’ ಸ್ವಿಚ್ ಜೊತೆ ಓಡಿಸಿ. ಎರಡೂ ಸಲ ‘ಅಲೋಫುಲ್‌ಒಎಸ್’ ಸ್ವಿಚ್ ಬೇಕು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ಡೇಟಾ ಅಳಿಯದಂತೆಯೇ ಇದು ಕೆಲಸ ಮಾಡುತ್ತದೆ, ಆದರೂ ಮದುವೆಯ ಮೂಲ ಫೂಟೇಜ್ ಇರುವ ಡಿಸ್ಕಿನ ಮೇಲೆ ಬ್ಯಾಕಪ್ ಇಲ್ಲದೆ ಇದನ್ನು ಮಾಡಬೇಡಿ. ಆ ದಿನ ಮತ್ತೆ ಬರುವುದಿಲ್ಲ.

ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ಈ ಬದಲಾವಣೆಗಳ ಮೊದಲು ‘ಸಸ್ಪೆಂಡ್’ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎಲ್ಲ ಆದಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ‘ರೀಸೈಜಬಲ್ ಬಾರ್: ಯೆಸ್’ ಎಂದು ಬರಬೇಕು, ಜಿಪಿಯು-ಝಡ್ ಮುಖಪುಟದಲ್ಲೂ ಕಾಣುತ್ತದೆ. ಸಿಎಸ್‌ಎಂ ತೆಗೆದ ಮೇಲೆ ಪರದೆಯೇ ಬರದಿದ್ದರೆ ಕಾರ್ಡ್ ತೀರಾ ಹಳೆಯದು, ಯುಇಎಫ್‌ಐ (ಹೊಸ ಬಯಾಸ್ ಪದ್ಧತಿ) ಬೆಂಬಲ ಅದರಲ್ಲಿಲ್ಲ. ಸಿಎಂಒಎಸ್ ಕ್ಲಿಯರ್ ಮಾಡಿದರೆ (ಬಯಾಸ್ ಸೆಟ್ಟಿಂಗ್ ಅಳಿಸಿದರೆ) ಹಿಂದಿನ ಸ್ಥಿತಿಗೆ ಬರುತ್ತದೆ.

ರ‍್ಯಾಮ್ ಮತ್ತು ಪ್ರೊಸೆಸರ್

ಡಬ್ಬಿಯ ಮೇಲೆ 3200 ಎಂದಿರುವ ಡಿಡಿಆರ್4 ರ‍್ಯಾಮ್ ಹಾಕಿದರೆ ತಾನಾಗಿ 3200ರಲ್ಲಿ ಓಡುತ್ತದೆ ಎಂದೇನೂ ಇಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಡಬ್ಬಿಯ ಮೇಲಿನ ವೇಗ ಕೊಡುವ ಸೆಟ್ಟಿಂಗ್) ಆನ್ ಮಾಡುವವರೆಗೆ ಅನೇಕ ಕಿಟ್‌ಗಳು 2133, 2400 ಅಥವಾ 2666ರಲ್ಲೇ ಇರುತ್ತವೆ. ಡಿಡಿಆರ್5 ಆದರೆ ಹೆಚ್ಚಾಗಿ 4800ರಲ್ಲಿ. ಎಎಂಡಿ ಬೋರ್ಡ್‌ಗಳಲ್ಲಿ ಈ ಸೆಟ್ಟಿಂಗಿಗೆ ಡಿಒಸಿಪಿ, ಎ-ಎಕ್ಸ್‌ಎಂಪಿ, ಎಕ್ಸ್‌ಪೋ ಎಂಬ ಹೆಸರುಗಳಿವೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ. ಸಿಪಿಯು-ಝಡ್‌ನಲ್ಲಿ ಅದರ ಅರ್ಧ ತೋರುತ್ತದೆ: 3200ಕ್ಕೆ 1600.

ವೇಗಕ್ಕಿಂತ ದೊಡ್ಡ ಏಟು ಒಂದೇ ಸ್ಟಿಕ್ ಹಾಕುವುದು. ‘ಆಮೇಲೆ ಇನ್ನೊಂದು ಹಾಕಿಕೊಳ್ಳೋಣ’ ಎಂದು 16 ಜಿಬಿಯ ಒಂದೇ ಸ್ಟಿಕ್ ಕೊಳ್ಳುವವರು ಬಹಳ. ಡಿಡಿಆರ್4 3200 ಒಂದು ಸ್ಟಿಕ್ಕಿನಿಂದ ಸೆಕೆಂಡಿಗೆ ಗರಿಷ್ಠ 25.6 ಜಿಬಿ, ಎರಡರಿಂದ 51.2 ಜಿಬಿ. ಒಂದೇ ಸ್ಟಿಕ್, ಅದೂ 2400ರಲ್ಲಿದ್ದರೆ 19.2 ಜಿಬಿ. ಸರಾಸರಿ ಎಫ್‌ಪಿಎಸ್‌ಗಿಂತ ಹೆಚ್ಚಾಗಿ ಇದರ ಪೆಟ್ಟು ಬೀಳುವುದು ‘1% ಲೋ’ ಅಂಕಿಗೆ, ಅಂದರೆ ಗೇಮ್ ನಡುವಿನ ಆ ಜರ್ಕ್‌ಗಳಿಗೆ. 8 ಜಿಬಿಯ ಎರಡು ಸ್ಟಿಕ್ ತೆಗೆದುಕೊಳ್ಳಿ, ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಬ್ಲೂ ಸ್ಕ್ರೀನ್ ಬಂದರೆ ಪ್ರೊಫೈಲ್ ಹಾಗೇ ಇಟ್ಟು ವೇಗವನ್ನಷ್ಟೇ 3000ಕ್ಕೆ ಇಳಿಸಿ ನೋಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಡಿಡಿಆರ್5 ಬೋರ್ಡ್‌ಗಳಲ್ಲಿ ಮೊದಲ ಸಲ ಎಕ್ಸ್‌ಪೋ ಹಾಕಿದಾಗ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ಮೆಮೊರಿ ಟ್ರೈನಿಂಗ್, ಬೋರ್ಡ್ ಹೊಸ ವೇಗಕ್ಕೆ ಹೊಂದಿಕೊಳ್ಳುವ ಸಮಯ. ಗಾಬರಿಯಿಂದ ಪವರ್ ತೆಗೆಯಬೇಡಿ.

ಪ್ರೊಸೆಸರ್ ಕಡೆ ಎರಡು ಸಾಲು ನೋಡಿದರೆ ಸಾಕು. ಇಂಟೆಲ್‌ನಲ್ಲಿ ‘ಟರ್ಬೊ ಬೂಸ್ಟ್’, ಎಎಂಡಿಯಲ್ಲಿ ‘ಕೋರ್ ಪರ್ಫಾರ್ಮೆನ್ಸ್ ಬೂಸ್ಟ್’ ಡಿಸೇಬಲ್ ಆಗಿರಬಾರದು. ಬಿಸಿಗೆ ಹೆದರಿ ಯಾರೋ ಅದನ್ನು ಆಫ್ ಮಾಡಿದ್ದರೆ ಐ5-12400ಎಫ್ 4.4 ಗಿಗಾಹರ್ಟ್ಸ್ ಬದಲು 2.5ರಲ್ಲೇ ನಿಲ್ಲುತ್ತದೆ, ಯಾವ ಕಾರ್ಡ್ ಹಾಕಿದರೂ ಅದು ಕಾಯುತ್ತಲೇ ಇರುತ್ತದೆ. ಎರಡನೆಯದು ಪವರ್ ಮಿತಿ. ಅದೇ ಪ್ರೊಸೆಸರ್‌ಗೆ ನಿರಂತರ ಮಿತಿ 65 ವ್ಯಾಟ್, ಅಲ್ಪಾವಧಿ ಮಿತಿ 117 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಅಗ್ಗದ ಎಚ್610 ಬೋರ್ಡ್‌ಗಳಲ್ಲಿ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಕಾದು ಪ್ರೊಸೆಸರನ್ನು 800 ಮೆಗಾಹರ್ಟ್ಸ್ ಹತ್ತಿರಕ್ಕೆ ಎಳೆದುಬಿಡುವುದುಂಟು. ಆಗ ಮಿತಿ ಏರಿಸುವುದು ತಪ್ಪು ಮದ್ದು, ಆ ಜಾಗಕ್ಕೆ ಗಾಳಿ ಹೋಗುವಂತೆ ಒಂದು ಫ್ಯಾನ್ ಕೂರಿಸುವುದೇ ಸರಿ.

ಸಿಡಿಲು, ಸೆಲ್ಲು ಮತ್ತು ಮರೆತುಹೋಗುವ ಬಯಾಸ್

‘ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಏಕಾಏಕಿ ಸ್ಲೋ’ ಎಂಬ ದೂರಿಗೆ ನಮ್ಮ ಭಾಗದಲ್ಲಿ ಒಂದು ವಿಶೇಷ ಕಾರಣವಿದೆ. ಏಪ್ರಿಲ್, ಮೇ ತಿಂಗಳ ಗುಡುಗು-ಮಿಂಚಿಗೆ ಹೆದರಿ ಎಲ್ಲರೂ ಪ್ಲಗ್ ಕೀಳುತ್ತಾರೆ, ಕೀಳಲೂಬೇಕು. ಮಳೆಗಾಲದಲ್ಲಿ ತೋಟದ ಮನೆಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಸ್ಟ್ಯಾಂಡ್‌ಬೈ ವಿದ್ಯುತ್ ಬೋರ್ಡನ್ನು ನೋಡಿಕೊಳ್ಳುತ್ತದೆ. ಅದು ಹೋದಾಗ ಭಾರವೆಲ್ಲ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ಲಿನ ಮೇಲೆ. ಸೆಲ್ ಸತ್ತಿದ್ದರೆ ಹಲವು ಬೋರ್ಡ್‌ಗಳು ಮುಂದಿನ ಸಲ ಆನ್ ಆದಾಗ ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳುತ್ತವೆ. ಎಕ್ಸ್‌ಎಂಪಿ ಹೋಯಿತು, ರೀಸೈಜಬಲ್ ಬಾರ್ ಹೋಯಿತು, ಕೆಲವದರಲ್ಲಿ ಸಿಎಸ್‌ಎಂ ವಾಪಸ್ ಬಂತು.

ಗುರುತು ಸುಲಭ. ವಿಂಡೋಸ್ ಗಡಿಯಾರ ಹಳೆಯ ವರ್ಷ ತೋರುತ್ತದೆ, ಬ್ರೌಸರ್ ಪ್ರತಿ ವೆಬ್‌ಸೈಟಿಗೂ ಸರ್ಟಿಫಿಕೇಟ್ ಎರರ್ ಕೊಡುತ್ತದೆ, ವಿಂಡೋಸ್ 11ರಲ್ಲಿ ವ್ಯಾಲರಂಟ್ ‘ಸೆಕ್ಯೂರ್ ಬೂಟ್ ಬೇಕು’ ಎಂದು ತೆರೆಯಲು ನಿರಾಕರಿಸುತ್ತದೆ. ಮಲ್ಟಿಮೀಟರಿನಲ್ಲಿ ಸೆಲ್ 2.7 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿ, ‘+’ ಗುರುತು ಮೇಲ್ಮುಖವಾಗಿ. ಆಮೇಲೆ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋ ನೋಡಿ ಸೆಟ್ಟಿಂಗ್‌ಗಳನ್ನು ಮತ್ತೆ ಕೂರಿಸಿ. ಬಯಾಸ್‌ನಲ್ಲೇ ‘ಪ್ರೊಫೈಲ್ ಸೇವ್’ ಸೌಲಭ್ಯವೂ ಇರುತ್ತದೆ. ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಡಿ.

ಬಯಾಸ್ ಅಪ್‌ಡೇಟ್ ಬೇಕಾಗುವುದು ರೀಸೈಜಬಲ್ ಬಾರ್ ಆಯ್ಕೆಯೇ ಕಾಣದಿದ್ದಾಗ, ಹೊಸ ಪ್ರೊಸೆಸರ್ ಹಾಕುವಾಗ, ಅಥವಾ ಕಂಪನಿಯ ಟಿಪ್ಪಣಿಯಲ್ಲಿ ನಿಮ್ಮದೇ ತೊಂದರೆ ಬರೆದಿದ್ದಾಗ. ಸುಮ್ಮನೆ ಮಾಡಬೇಡಿ. ಬೋರ್ಡಿನ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆ ಓದಿ ಅದಕ್ಕೇ ಸೇರಿದ ಫೈಲ್ ಇಳಿಸಿಕೊಳ್ಳಿ, ಹೆಸರು ಒಂದೇ ಇದ್ದರೂ ರಿವಿಷನ್ ಬೇರೆಯಾದರೆ ಫೈಲ್ ಬೇರೆ. ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ನಲ್ಲಿ ಹಾಕಿ, ಬಯಾಸ್‌ನೊಳಗಿನ ಫ್ಲ್ಯಾಶ್ ಉಪಕರಣದಿಂದಲೇ ಮಾಡಿ. ಬರೆಯುತ್ತಿರುವ ನಾಲ್ಕೈದು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಮಳೆ ಗಾಳಿಯ ದಿನ ಕೈ ಹಾಕಲೇಬೇಡಿ. ಒಳ್ಳೆಯ ದಿನವೂ ಯುಪಿಎಸ್ ಮೇಲಿಟ್ಟು, ಬ್ಯಾಟರಿಯಲ್ಲಿ ಅದು ನಿಲ್ಲುತ್ತದೆಯೇ ಎಂದು ಮೊದಲೇ ಒಮ್ಮೆ ಪ್ಲಗ್ ಕಿತ್ತು ಪರೀಕ್ಷಿಸಿ. ಮನೆಯ ಇನ್ವರ್ಟರ್ ಮಾತ್ರ ಇದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್ ಮೋಡ್’ನಲ್ಲಿರಲಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗಲು ತೆಗೆದುಕೊಳ್ಳುವ ಆ ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆಗಿಬಿಡುತ್ತದೆ.

ಸ್ಪ್ರೆಡ್ ಸ್ಪೆಕ್ಟ್ರಮ್ ಆಫ್ ಮಾಡಿ, ಎಚ್‌ಪಿಇಟಿ ತೆಗೆಯಿರಿ, ವೋಲ್ಟೇಜ್ ಏರಿಸಿ ಎಂಬ ವಿಡಿಯೋ ಸಲಹೆಗಳನ್ನು ಬಿಟ್ಟುಬಿಡಿ. ಲೇನ್ ಅರ್ಧವಾಗಿರುವ, ರ‍್ಯಾಮ್ ಒಂದೇ ಸ್ಟಿಕ್ಕಿನಲ್ಲಿ ಓಡುವ ಯಂತ್ರಕ್ಕೆ ಅವು ಏನೂ ಮಾಡುವುದಿಲ್ಲ.

ಇಷ್ಟೆಲ್ಲ ಆಗಿಯೂ ಲೇನ್ ಸಂಖ್ಯೆ ಕಡಿಮೆಯೇ ಇದ್ದರೆ ಕಾರ್ಡನ್ನು ಸ್ನೇಹಿತರ ಯಂತ್ರಕ್ಕೆ ಹಾಕಿ ರೆಂಡರ್ ಟೆಸ್ಟ್ ಓಡಿಸಿ. ಅಲ್ಲಿ ಪೂರ್ತಿ ಲೇನ್ ಬಂದರೆ ತೊಂದರೆ ನಿಮ್ಮ ಬೋರ್ಡಿನದು. ಅಲ್ಲೂ ಅಷ್ಟೇ ಬಂದರೆ ಕಾರ್ಡನ್ನು ಬೆಳಕಿಗೆ ಹಿಡಿದು ಚಿನ್ನದ ಪಟ್ಟಿಯ ಸ್ವಲ್ಪ ಮೇಲೆ ಸಾಲಾಗಿ ಕೂತಿರುವ ಸಾಸಿವೆಯಂಥ ಕೆಪಾಸಿಟರ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಲೇನಿಗೂ ಅವು ಜೋಡಿಯಾಗಿ ಇರುತ್ತವೆ, ಪಿಸಿಐಇ 3.0 ಮತ್ತು ಮೇಲಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ 0.22 ಮೈಕ್ರೋಫ್ಯಾರಡ್. ಕಾರ್ಡ್ ಹಾಕುವಾಗ ಕ್ಯಾಬಿನೆಟ್ಟಿನ ಅಂಚಿಗೆ ತಾಗಿ ಒಂದು ಉದುರಿದ್ದರೂ ಆ ಲೇನ್ ಸತ್ತು ಇಡೀ ಲಿಂಕ್ ಕೆಳಗಿನ ಸಂಖ್ಯೆಗೆ ಇಳಿಯುತ್ತದೆ. ವಾರಂಟಿ ಇದ್ದರೆ ಮುಟ್ಟದೆ ಕಂಪನಿಗೆ ಕಳಿಸಿ. ಮುಗಿದಿದ್ದರೆ, ಮೊಬೈಲ್ ಬೋರ್ಡ್‌ಗಳ ಮೇಲೆ ಮೈಕ್ರೋಸ್ಕೋಪ್ ಇಟ್ಟು ಕೆಲಸ ಮಾಡುವ ನುರಿತ ಟೆಕ್ನಿಷಿಯನ್ ಹೊಸ ಕೆಪಾಸಿಟರ್ ಬೆಸುಗೆ ಹಾಕಿಕೊಡಬಲ್ಲರು; ಕೆಲಸ ಮುಗಿದ ಮೇಲೆ ಅವರ ಮೇಜಿನ ಮುಂದೆಯೇ ಜಿಪಿಯು-ಝಡ್ ತೆರೆದು ಲೇನ್ ಎಣಿಸಿಕೊಂಡು ಹಣ ಕೊಡಿ.